ಉಬ್ಬಿದ ಕ್ಯಾಪುಗಳಿಗೆ ಮಂಗಳಾರತಿ

ಆಯುಧ ಪೂಜೆಯ ಬೆಳಿಗ್ಗೆ ಕಿಟ್ಟು ಸಾರ್ ತಮ್ಮ ಮನೆಯ ಯಂತ್ರಗಳನ್ನೆಲ್ಲ ನಡುಮನೆಯಲ್ಲಿ ಸೀನಿಯಾರಿಟಿ ಪ್ರಕಾರ ಸಾಲಾಗಿ ಕೂರಿಸಿದ್ದರು. ಮೊದಲು ಮದುವೆಯಲ್ಲಿ ಬಂದ ಹೊಲಿಗೆ ಯಂತ್ರ, ಆಮೇಲೆ ಗ್ರೈಂಡರು, ಮಿಕ್ಸಿ, ಟೇಬಲ್ ಫ್ಯಾನು, ಈಳಿಗೆ ಮಣೆ. ಸ್ಕೂಟರು ಒಳಗೆ ಬರಲು ಒಪ್ಪದ್ದರಿಂದ ಅದರ ಪರವಾಗಿ ಅದರ ಕೀ. ಕೊನೆಯಲ್ಲಿ ಕಂಪ್ಯೂಟರಿನ ಸಿಪಿಯು. ಅದರ ಪಕ್ಕದಲ್ಲಿ ಒಂದು ಖಾಲಿ ಮಣೆ. ಆ ಮಣೆಯ ಮೇಲೆ ಕೂರಬೇಕಾಗಿದ್ದ ಎಲ್‌ಸಿಡಿ ಮಾನಿಟರು ಹಿತ್ತಲಿನ ಔಟ್‌ಹೌಸಿನಲ್ಲಿ, ಲಕ್ಷ್ಮಿಕಾಂತನ ಚಾಪೆಯ ಮೇಲೆ, ಬೆನ್ನು ಬಿಚ್ಚಿಸಿಕೊಂಡು ಬೋರಲು ಮಲಗಿತ್ತು.

ಕಿಟ್ಟು ಸಾರ್ ಅಂದರೆ ಕೃಷ್ಣಮೂರ್ತಿ. ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ಜೀವಮಾನವಿಡೀ ನಟ್ಟು ಬೋಲ್ಟುಗಳನ್ನು ಅಳೆದು, ಪಾಸು, ರಿಜೆಕ್ಟು ಎಂದು ಹೇಳಿ ರಿಟೈರಾದವರು. ರಿಟೈರಾದ ಮೇಲೂ ಆ ಬಾಯಿ ನಿಲ್ಲಲಿಲ್ಲ. ಸೊಪ್ಪಿನವಳು ಗೇಟಿಗೆ ಬಂದರೆ ಸೊಪ್ಪು ರಿಜೆಕ್ಟು. ಹೆಂಡತಿ ಸೀತಾಲಕ್ಷ್ಮಿ ಸಾರು ಬಡಿಸಿದರೆ ಕಂಡಿಷನಲ್ ಪಾಸು. ಕಗ್ಗದಾಸಪುರದಲ್ಲಿ ಮನೆ ಕಟ್ಟಿಸಿದ ಮೇಲೆ ಹಿಂದೆ ಮಿಕ್ಕ ಜಾಗಕ್ಕೆ ಶೀಟು ಹೊದಿಸಿ ಒಂದು ರೂಮು ಎಬ್ಬಿಸಿದ್ದರು. ಅದರ ಬಾಡಿಗೆದಾರರು ಲಕ್ಷ್ಮಿಕಾಂತ ಮತ್ತು ಅವನ ತಾಯಿ ಅಯ್ಯಮ್ಮ. ಸುರಪುರದ ಕಡೆಯವರು.

ಆ ರೂಮಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ, ಒಂದನ್ನು ಬಿಟ್ಟು. ಒಳಗೇ ನಲ್ಲಿ ಇತ್ತು. ಮಹದೇವಪುರದಲ್ಲಿ ಇದ್ದ ಶೆಡ್ಡಿನಲ್ಲಿ ನೀರು ಬೇಡ ಅಂದರೂ ಮಳೆಗಾಲದಲ್ಲಿ ಮಂಚದ ಮಟ್ಟಕ್ಕೆ ಬರುತ್ತಿತ್ತು, ಬೇಕು ಅಂದಾಗ ಕೊಡ ಹಿಡಿದು ಸಾಲಿನಲ್ಲಿ ನಿಂತು ಜಗಳ ಆಡಬೇಕಿತ್ತು. ಆ ಜಗಳದಲ್ಲಿ ಅಯ್ಯಮ್ಮನ ಮುಂದಿನ ಹಲ್ಲೊಂದು ಹೋಗಿತ್ತು. ಈ ರೂಮಿಗೆ ಬಂದ ದಿನ ಅವಳು ನಲ್ಲಿ ತಿರುಗಿಸಿದಳು, ನೀರು ಬಂತು. ನಿಲ್ಲಿಸಿದಳು, ನಿಂತಿತು. ಮತ್ತೆ ತಿರುಗಿಸಿ ಹಲ್ಲಿಲ್ಲದ ಜಾಗ ಕಾಣುವ ಹಾಗೆ ನಕ್ಕಳು. ಊರಿನಿಂದ ಯಾರ ಫೋನು ಬಂದರೂ ಮೊದಲ ಮಾತು, “ಖೋಲಿ ಒಳಗ ನಳಾ ಐತವ್ವ.” ಈ ರೂಮು ಹೋದರೆ ಅವ್ವ ಸತ್ತೇ ಹೋಗುತ್ತಾಳೆ ಎಂದು ಲಕ್ಷ್ಮಿಕಾಂತನಿಗೆ ಖಾತ್ರಿಯಾಗಿತ್ತು. ಆ ಖಾತ್ರಿಯೇ ಅವನ ಸಿಟ್ಟಿಗೆ ಇನ್ನಷ್ಟು ಸೀಮೆಎಣ್ಣೆ ಸುರಿಯುತ್ತಿತ್ತು.

ಯಾಕೆಂದರೆ ಕಿಟ್ಟು ಸಾರ್ ಹಿಂದಿನ ಸಂಜೆಯೇ ತೀರ್ಪು ಕೊಟ್ಟುಬಿಟ್ಟಿದ್ದರು.

“ನೋಡಯ್ಯಾ, ನೀನು ಈ ಕಾಂಪೌಂಡಿಗೆ ಕಾಲಿಟ್ಟ ಮೇಲೆ ಬೋರ್‌ವೆಲ್ ಮೋಟಾರು ಹೋಯ್ತು. ಕಾಲಿಂಗ್ ಬೆಲ್ ಹೋಯ್ತು. ಈಗ ಮಾನಿಟರು. ಏನು ನಿನ್ನ ಕಾಲ್ಗುಣ?”

“ಸಾರ್, ಅದರ ಪವರ್ ಬೋರ್ಡಲ್ಲಿ ಕ್ಯಾಪು ಹೋಗಿದೆ ಸಾರ್. ಕಾಲ್ಗುಣಕ್ಕೂ ಕ್ಯಾಪಿಗೂ ಏನ್ ಸಾರ್ ಸಂಬಂಧ?”

“ಅದೆಲ್ಲಾ ನನಗೆ ಬೇಡ. ಮನೇಲಿ ಒಂದು ಯಂತ್ರ ಸತ್ತು ಬಿದ್ದಿರೋವಾಗ ಆಯುಧ ಪೂಜೆ ಮಾಡಿದ್ರೆ ಮಿಕ್ಕಿದ್ದೂ ಅದರ ಹಿಂದೇನೇ ಹೋಗ್ತವೆ. ಅದನ್ನ ಬಿಟ್ಟು ಮಾಡೋಣ ಅಂದ್ರೆ ಅದು ಸರ್ವೀಸಲ್ಲಿ ಕನ್‌ಫರ್ಮ್ ಆಗಿರೋ ಯಂತ್ರ, ಮುನಿಸ್ಕೊಳ್ಳುತ್ತೆ. ನಾಳೆ ರಾಹುಕಾಲ ಶುರುವಾಗೋದ್ರೊಳಗೆ ಮಂಗಳಾರತಿ. ಆ ಹೊತ್ತಿಗೆ ಅದು ಉಸಿರಾಡ್ತಾ ಇರಬೇಕು. ಇಲ್ಲಾಂದ್ರೆ ನಾಡಿದ್ದು ವಿಜಯದಶಮಿ. ಬೇರೆ ಮನೇಲಿ ಹಾಲು ಉಕ್ಕಿಸೋಕೆ ಅದಕ್ಕಿಂತ ಒಳ್ಳೇ ದಿನ ಸಿಗಲ್ಲ ನಿಮಗೆ.”

ಲಕ್ಷ್ಮಿಕಾಂತ ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರಿಗೆ ಎದುರು ಮಾತಾಡಿ ಶಾಲೆ ಬಿಟ್ಟವನು. ಅವನಿಗೆ ಸಿಟ್ಟು ಬರಲು ಕಾರಣ ಬೇಕಿರಲಿಲ್ಲ, ಆದರೂ ಬೆಂಗಳೂರು ಧಾರಾಳವಾಗಿ ಒದಗಿಸುತ್ತಿತ್ತು. ಅವನು ಬಾಯಿ ತೆರೆದ. ಹಿಂದಿನಿಂದ ಅಯ್ಯಮ್ಮ ಅಂಗಿ ಜಗ್ಗಿದಳು. “ಬಾಯಿ ಮುಚ್ಚು ಯಪ್ಪಾ. ನಳಾ ನೆನಸ್ಕೋ.”

ಅವನು ನಲ್ಲಿಯನ್ನು ನೆನೆಸಿಕೊಂಡು ಬಾಯಿ ಮುಚ್ಚಿದ.

ಆ ಮಾನಿಟರಿನ ಕಾಯಿಲೆ ಅವನಿಗೆ ಹೊಸದಲ್ಲ. ಅವನು ಕೆಲಸ ಮಾಡುವ ಶಿವಾಜಿನಗರದ ರಿಪೇರಿ ಅಂಗಡಿಗೆ ಆ ವರ್ಷ ಬರುತ್ತಿದ್ದ ಎಲ್‌ಸಿಡಿಗಳಲ್ಲಿ ಬಹುಪಾಲು ಅದೇ ಕೇಸು. ಹಚ್ಚಿದರೆ ಒಂದು ಕ್ಷಣ ಬೆಳಕು, ಆಮೇಲೆ ಕತ್ತಲು, ಹಸಿರು ದೀಪ ಮಾತ್ರ ಮಿಟುಕುತ್ತಿರುವುದು. ಬೆನ್ನು ಬಿಚ್ಚಿ ಪವರ್ ಬೋರ್ಡು ನೋಡಿದರೆ ಬೆರಳ ತುದಿಯಷ್ಟು ದಪ್ಪದ ಡಬ್ಬಿಗಳು ನಿಂತಿರುತ್ತವೆ. ಅವೇ ಕೆಪಾಸಿಟರುಗಳು, ಅಂಗಡಿಯವರ ಬಾಯಲ್ಲಿ ಕ್ಯಾಪು. ನೆಟ್ಟಗಿದ್ದರೆ ತಲೆ ಚಪ್ಪಟೆ. ಕೆಟ್ಟರೆ ಪೂರಿಯ ಹಾಗೆ ಉಬ್ಬುತ್ತವೆ. ಉಬ್ಬಿದ್ದನ್ನು ಕಿತ್ತು ಹೊಸದು ಕೂರಿಸಿ ಬೆಸುಗೆ ಹಾಕಿದರೆ ಮುಗಿಯಿತು, ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಹಾಗೆಂದುಕೊಂಡೇ ಅವನು ಬೋರ್ಡನ್ನು ಕಳಚಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಬೆಳಿಗ್ಗೆಯ ಮೊದಲ ಬಸ್ಸಿಗೇ ಶಿವಾಜಿನಗರಕ್ಕೆ ಹೊರಟಿದ್ದ. ಬೆಸುಗೆ ಕಡ್ಡಿ, ಅಂದರೆ ಅಂಗಡಿಯವರ ಐರನ್, ಇರುವುದು ಅಲ್ಲೇ.

ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿತ್ತು. ಮಾಲೀಕರು ಹಲಸೂರಿನ ವೆಂಕಟಸ್ವಾಮಿ. ವರ್ಷವಿಡೀ ಬನಿಯನ್ನಿನಲ್ಲಿ ಕೂರುವ ಆ ಮನುಷ್ಯ ಇವತ್ತು ರೇಷ್ಮೆ ಪಂಚೆ ಉಟ್ಟು ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ಒಳಗೆ ಹಿತ್ತಾಳೆ ಕೊಳಗದ ತುಂಬ ಅಕ್ಕಿ, ಅದರಲ್ಲಿ ಊದಿನಕಡ್ಡಿ ಸಿಕ್ಕಿಸಿದ ಹಾಗೆ ಬೆಸುಗೆ ಕಡ್ಡಿಗಳು ನೆಟ್ಟಗೆ ನಿಂತಿದ್ದವು. ಪ್ರತಿಯೊಂದಕ್ಕೂ ಮಲ್ಲಿಗೆ. ಮಲ್ಟಿಮೀಟರಿನ ಹಣೆಗೆ ವಿಭೂತಿ.

“ಅಣ್ಣಾ, ಒಂದು ಐರನ್ ಕೊಡಿ. ಇಲ್ಲೇ ನಿಂತ್ಕೊಂಡು ಮುಗಿಸ್ಕೊಂಡ್ ಹೋಗ್ತೀನಿ.”

“ಮುರುಗಾ! ಕೂತಿದೆ ಪಾ.”

“ಯಾರು ಕೂತಿರೋದು?”

“ಐರನ್ನು. ಪೂಜೆಗೆ ಕೂತಿದೆ. ಕೂತಿರೋ ಆಯುಧನ ಎಬ್ಬಿಸಬಾರದು. ನಾಳೆ ಬಾ ತಂಬಿ, ನಾನೇ ಎಬ್ಬಿಸಿ ಕೊಡ್ತೀನಿ.”

“ನಾಳೆ ನಾನು ಅವ್ವನ್ನ ಕರ್ಕೊಂಡು ರೋಡಲ್ಲಿ ಕೂತಿರ್ತೀನಿ. ಆವಾಗ ನನ್ನ ಯಾರು ಎಬ್ಬಿಸ್ತಾರೆ?”

ವೆಂಕಟಸ್ವಾಮಿ ಕಥೆ ಕೇಳಿದರು. ಕರಗಿದರು, ಕಣ್ಣು ಕೂಡ ಒದ್ದೆಯಾಯಿತು. ಆದರೆ ಬಾಗಿಲಿನಿಂದ ಪಕ್ಕಕ್ಕೆ ಸರಿಯಲಿಲ್ಲ.

“ನಿನ್ನ ಓನರು ಹೇಳಿರೋದ್ರಲ್ಲಿ ತಪ್ಪೇನಿದೆ? ಸತ್ತಿರೋ ಯಂತ್ರಕ್ಕೆ ಪೂಜೆ ಮಾಡಕ್ಕಾಗಲ್ಲ. ಕರೆಕ್ಟು.”

“ಅದು ಬದುಕಬೇಕು ಅಂದ್ರೆ ಐರನ್ ಬೇಕಲ್ಲಾ ಅಣ್ಣ!”

“ಐರನ್ ಪೂಜೆಗೆ ಕೂತಿದೆಯಲ್ಲಾ ಪಾ!”

“ಅಂದ್ರೆ, ಪೂಜೆ ಇರೋದಕ್ಕೆ ಮಾನಿಟರ್ ರಿಪೇರಿ ಆಗ್ಬೇಕು. ಪೂಜೆ ಇರೋದಕ್ಕೇ ರಿಪೇರಿ ಆಗೋ ಹಾಗಿಲ್ಲ.”

“ಈಗ ನಿನಗೆ ಅರ್ಥ ಆಯ್ತು,” ಎಂದರು ವೆಂಕಟಸ್ವಾಮಿ, ಬಹಳ ಸಂತೋಷದಿಂದ.

ಲಕ್ಷ್ಮಿಕಾಂತ ಕೊಳಗವನ್ನು ದಿಟ್ಟಿಸಿದ. ತಮ್ಮ ಅಂಗಡಿಯಲ್ಲಿ ಇಷ್ಟು ಕಡ್ಡಿಗಳು ಇರಲಿಲ್ಲವಲ್ಲ. ಕೇಳಿದರೆ, ಸಂದಿಯ ಅಂಗಡಿಗಳ ಕಡ್ಡಿಗಳನ್ನೆಲ್ಲ ವೆಂಕಟಸ್ವಾಮಿ ನಿನ್ನೆಯೇ ಕೇಳಿ ತಂದಿದ್ದರಂತೆ. ಒಟ್ಟಿಗೆ ಕೂರಿಸಿದರೆ ಶಕ್ತಿ ಜಾಸ್ತಿಯಂತೆ. ಎದುರಿನ ಗುಜರಿ ಅಂಗಡಿಯ ಅಹ್ಮದ್ ಪಾಷಾನದೂ ಅಲ್ಲೇ ಇತ್ತು, ಕುಂಕುಮ ಹಚ್ಚಿಸಿಕೊಂಡು.

ಪಾಷಾ ತನ್ನ ಅಂಗಡಿಯ ಮುಂದೆ ಹಳೇ ಮಾನಿಟರುಗಳ ಗುಡ್ಡೆಯ ಮೇಲೆ ಕೂತು ಪ್ರಸಾದದ ಪುರಿ ತಿನ್ನುತ್ತಿದ್ದ.

“ಪಾಷಾ ಭಾಯ್, ನಿಮ್ಮ ಐರನ್ನಾದ್ರೂ ವಾಪಸ್ ಕೇಳಿ. ನಿಮ್ಮದು ನಿಮಗೆ ಕೊಡ್ಲೇಬೇಕು.”

“ಕೈಸಾ ಕೇಳೋದು? ವೆಂಕಟಸ್ವಾಮಿ ಅಣ್ಣ ಪ್ಯಾರ್‌ಸೆ ಬಂದು ತಗೊಂಡೋದ್ರು. ಹೂವಾ ಹಾಕವ್ರೆ. ಪುರಿ ಕೊಟ್ಟವ್ರೆ. ತಿಂದ್ಬಿಟ್ಟೆ. ಈಗ ಕೇಳಿದ್ರೆ ಮರ್ಯಾದೆನಾ?” ಅವನು ಪೊಟ್ಟಣ ಚಾಚಿದ. “ತೂ ಬಿ ತಿನ್ನು.”

“ಪುರಿ ಮನೆ ಹಾಳಾಗ! ನಾನೇನು ಹಲ್ಲಲ್ಲಿ ಬೆಸುಗೆ ಹಾಕ್ಲಾ?”

ಅವನ ಕೂಗಿಗೆ ಸಂದಿಯ ಎರಡು ತುದಿಯಿಂದಲೂ ಜನ ಇಣುಕಿದರು. ವೆಂಕಟಸ್ವಾಮಿಗೆ ಹಬ್ಬದ ದಿನ ಅಂಗಡಿ ಮುಂದೆ ಕೂಗಾಟ ಬೇಡವಾಗಿತ್ತು. ಪಂಚೆ ಎತ್ತಿ ಕಟ್ಟಿ ಸಂದಿ ದಾಟಿ ಬಂದು, ಗುಡ್ಡೆಯ ಪಕ್ಕ ಕೂತು, ಶಾಸ್ತ್ರ ಬಿಡಿಸತೊಡಗಿದರು. ಆ ಶಾಸ್ತ್ರ ಯಾವ ಮಠದಲ್ಲೂ ಸಿಗುವಂಥದ್ದಲ್ಲ. ಕೆಲಸಕ್ಕೆ ಸೇರಿರುವುದು ಆಯುಧ. ಹೊಸ ಕ್ಯಾಪುಗಳು ಇನ್ನೂ ಕೆಲಸಕ್ಕೆ ಸೇರಿಲ್ಲ, ಡಬ್ಬಿಯಲ್ಲೇ ಇವೆ, ಆದ್ದರಿಂದ ಅವು ಆಯುಧ ಅಲ್ಲ, ಬೇಕಾದಷ್ಟು ತಗೊಂಡು ಹೋಗು. ಬೆಸುಗೆಯ ತಂತಿಯೂ ಹಾಗೆಯೇ, ಸುರುಳಿಯಿಂದ ಬಿಚ್ಚುವ ತನಕ ಅದು ಬರೀ ಸೀಸ.

“ಮತ್ತೆ ಕಾಯಿಸೋಕೆ?” ಎಂದ ಲಕ್ಷ್ಮಿಕಾಂತ.

ವೆಂಕಟಸ್ವಾಮಿ ತಮ್ಮ ಕೊಳಗದ ಕಡೆ ತಿರುಗಿ ನೋಡಿದರು. ಅಷ್ಟರಲ್ಲಿ ಪಾಷಾ ಕಾಲಡಿಯ ರಾಶಿಗೆ ಕೈ ಹಾಕಿ, ಯಾವುದೋ ಒಡೆದ ಕಟ್ಟಡದ ಅರ್ಥಿಂಗಿನಿಂದ ಕಿತ್ತು ಬಂದಿದ್ದ ತಾಮ್ರದ ದಪ್ಪ ಕಂಬಿಯೊಂದನ್ನು ಎಳೆದ.

“ಇದು ಆಯುಧನಾ ಅಣ್ಣ?”

ವೆಂಕಟಸ್ವಾಮಿ ಕಂಬಿಯನ್ನು ಮುಟ್ಟದೆ ಸುತ್ತಲೂ ಬಗ್ಗಿ ನೋಡಿದರು. “ಕೆಲಸದಲ್ಲಿ ಇತ್ತಾ?”

“ಇತ್ತು. ಬಿಟ್ಬಿಡ್ತು. ಅಬ್ ಗುಜರಿ.”

“ಗುಜರಿ ಅಂದ್ರೆ ರಿಟೈರ್ಡು. ರಿಟೈರ್ಡು ಆಯುಧಕ್ಕೆ ಪೂಜೆ ಇಲ್ಲ, ದೋಷಾನೂ ಇಲ್ಲ. ತಗೊಂಡ್ ಹೋಗಿ ಕಾಯಿಸ್ಕೊ ತಂಬಿ!”

ಹೀಗೆ ಜೇಬಿನಲ್ಲಿ ಕ್ಯಾಪು ಮತ್ತು ಬೆಸುಗೆ ತಂತಿ, ಕೈಯಲ್ಲಿ ತಾಮ್ರದ ಕಂಬಿ, ಕಂಕುಳಲ್ಲಿ ಬೋರ್ಡು ಇಟ್ಟುಕೊಂಡು ಅವನು ಬಸ್ ಸ್ಟ್ಯಾಂಡಿಗೆ ಓಡಿದ. ಬಸ್ಸು ನಿಂತಿತ್ತು. ಡ್ರೈವರೂ ಇದ್ದ. ಆದರೆ ಬಸ್ಸಿಗೆ ಕುಂಬಳಕಾಯಿ ಒಡೆದಿರಲಿಲ್ಲ. ಒಡೆಯಬೇಕಾದವನು ಕುಂಬಳಕಾಯಿ ತರಲು ರಸೆಲ್ ಮಾರ್ಕೆಟ್ಟಿಗೆ ಹೋಗಿದ್ದ. ಕೊನೆಗೂ ಬಂದ, ಒಡೆದ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದರು. ಮುಂಭಾಗಕ್ಕೆ ಕಟ್ಟಿದ್ದ ಬಾಳೆಕಂಬಗಳು ಡ್ರೈವರಿನ ಕಣ್ಣಿಗೆ ಅಡ್ಡ ಬಂದು, ಹಲಸೂರು ಕೆರೆ ದಾಟುವವರೆಗೂ ಕಂಡಕ್ಟರು ಫುಟ್‌ಬೋರ್ಡಿನಿಂದ ನೇತಾಡುತ್ತ “ರೈಟು, ರೈಟು, ಅಯ್ಯೋ ಆಟೋ, ಲೆಫ್ಟು” ಎಂದು ಬಸ್ಸು ಓಡಿಸಿದ. ಇಂದಿರಾನಗರದ ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಬಸ್ಸು ಹೊರಡಲಿಲ್ಲ, ಡ್ರೈವರಿಗೆ ಸಿಗ್ನಲ್ಲೇ ಕಂಡಿರಲಿಲ್ಲ. ಲಕ್ಷ್ಮಿಕಾಂತ ಸೀಟಿನ ಕಂಬಿಗೆ ಹಣೆ ಚಚ್ಚಿಕೊಂಡ.

ರೂಮಿಗೆ ನುಗ್ಗಿದವನೇ ಅವನು, “ಅವ್ವಾ, ಸ್ಟೌ ಹಚ್ಚು!” ಎಂದ.

ಅಯ್ಯಮ್ಮ ಸ್ಟೌ ಮುಂದೆ ಕೈಕಟ್ಟಿ ನಿಂತಿದ್ದಳು. ಸೀಮೆಎಣ್ಣೆಯ ಆ ಸ್ಟೌ ತೊಳೆಸಿಕೊಂಡು, ಮೂರೂ ಕಾಲಿಗೆ ಅರಿಶಿನ, ತಲೆಗೆ ಚೆಂಡು ಹೂವು ಮುಡಿದು ಕೂತಿತ್ತು.

“ಹಚ್ಚಂಗಿಲ್ಲೋ ಯಪ್ಪಾ. ಸಾಹೇಬ್ರ ಮನಿ ಅಮ್ಮಾರು ಬಂದು, ಅಯ್ಯಮ್ಮ ನಿಮ್ಮದೂ ಪೂಜಿ ಮಾಡ್ಕೋ ಅಂದ್ರು. ಅವರು ಹೇಳಿದಂಗ ಕೇಳಿದ್ರ ಖೋಲಿ ಉಳೀತೈತಿ ಅಂತ ಮಾಡಿನಿ.”

“ಸ್ಟೌ ಹಚ್ಚದಿದ್ರ ಖೋಲಿ ಹೋಗ್ತೈತಬೇ!”

“ಹಚ್ಚಿದ್ರ ಅಮ್ಮಾರು ಸಿಟ್ಟಾಗ್ತಾರ, ಆಗೂ ಖೋಲಿ ಹೋಗ್ತೈತಿ.”

ಇಡೀ ಪೂರ್ವ ಬೆಂಗಳೂರಿನಲ್ಲಿ ಬಿಸಿಯಾಗುವಂಥದ್ದು ಏನೇನಿತ್ತೋ ಅದೆಲ್ಲ ಅವತ್ತು ಹೂ ಮುಡಿದು ತಣ್ಣಗೆ ಕೂತಿತ್ತು. ಬಿಸಿಯಾಗಿದ್ದದ್ದು ಲಕ್ಷ್ಮಿಕಾಂತನ ತಲೆ ಮಾತ್ರ, ಅದರ ಮೇಲೆ ಕಂಬಿ ಇಟ್ಟಿದ್ದರೆ ಪ್ರಾಯಶಃ ಕೆಂಪಗಾಗುತ್ತಿತ್ತು. ಅವನು ಹೊರಗೆ ಬಂದು ಗೇಟಿಗೆ ಒದ್ದ. ಗೇಟಿನ ಆಚೆ, ಹೊಂಗೆ ಮರದ ಕೆಳಗೆ, ಇಸ್ತ್ರಿ ಗಾಡಿಯ ಪೀರಪ್ಪ ತಲೆ ಎತ್ತಿದ. ಪೀರಪ್ಪನೂ ಅವರ ಕಡೆಯವನೇ, ಶಹಾಪುರದವನು.

“ಗೇಟೇನು ಮಾಡೈತೋ ತಮ್ಮಾ ನಿನಗ?”

ಪೀರಪ್ಪನ ಇಸ್ತ್ರಿ ಪೆಟ್ಟಿಗೆಯೂ ಹಾರ ಹಾಕಿಕೊಂಡಿತ್ತು. ಆದರೆ ಅದರ ಬಾಯಿಂದ ಹೊಗೆ ಬರುತ್ತಿತ್ತು. ಪಕ್ಕದಲ್ಲಿ ಮಣ್ಣಿನ ಬೋಗುಣಿ, ಅದರ ತುಂಬ ನಿಗಿನಿಗಿ ಕೆಂಡ.

“ಕಾಕಾ! ಪೂಜಿ ಆಗೈತಿ, ಆದ್ರೂ ಕೆಂಡ ಐತಲ್ಲ!”

“ಮತ್ತ? ತಣ್ಣಗಿರೋ ಇಸ್ತ್ರಿಗೆ ಯಾರಾದ್ರೂ ಪೂಜಿ ಮಾಡ್ತಾರೇನು? ಹೆಣಕ್ಕ ಮಾಡಿದಂಗ ಆಗ್ತೈತಿ. ಮಂಗಳಾರತಿ ಆಗೋಮಟ ಉಸಿರು ಇರಬೇಕು.”

ಲಕ್ಷ್ಮಿಕಾಂತನಿಗೆ ಕಿಟ್ಟು ಸಾರ್ ಮತ್ತು ಪೀರಪ್ಪ ಇಬ್ಬರ ಕತ್ತನ್ನೂ ಒಟ್ಟಿಗೆ ಹಿಸುಕಬೇಕೆನಿಸಿತು. ಬದಲಿಗೆ ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. “ಕೆಂಡ ಆಯುಧ ಅಲ್ಲಲಾ?”

“ಕೆಂಡ ಕೆಂಡ. ಅದಕ್ಕ ಹೂವು ಇಟ್ರ ನಿಲ್ತಾವೇನು?”

ತಾಮ್ರದ ಕಂಬಿ ಕೆಂಡದಲ್ಲಿ ಕಾಯಿತು. ಹಿಡಿಯಲು ಇಕ್ಕಳ ಇಲ್ಲ, ಅದೂ ಅಂಗಡಿಯಲ್ಲಿ ಪೂಜೆಗೆ ಕೂತಿತ್ತು. ಯಾರದೋ ಪ್ಯಾಂಟಿಗೆ ಒತ್ತುವ ಒದ್ದೆ ಬಟ್ಟೆಯನ್ನು ಪೀರಪ್ಪ ಕೊಟ್ಟ. ಅಯ್ಯಮ್ಮ ಬಂದು ಬೋರ್ಡನ್ನು ಎರಡು ಕೈಯಲ್ಲಿ, ಕೂಸಿಗೆ ಇಂಜೆಕ್ಷನ್ ಹಾಕಿಸುವವಳ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿ ಹಿಡಿದುಕೊಂಡಳು. ಕಂಬಿಯ ತುದಿ ತಾಗಿಸಿದರೆ ಒಂದು ಕಾಲಿನ ಸೀಸ ಕರಗುವಷ್ಟರಲ್ಲಿ ಕಂಬಿ ಆರುತ್ತಿತ್ತು. ಮತ್ತೆ ಕಾಯಿಸು, ಮತ್ತೆ ತಾಗಿಸು, ಕ್ಯಾಪನ್ನು ಬೆರಳಲ್ಲಿ ಅಲ್ಲಾಡಿಸಿ ಕೀಳು. ಬೆರಳು ಸುಟ್ಟಿತು. ಬೈದ. ಯಾರನ್ನು ಬೈಯುವುದೆಂದು ಗೊತ್ತಾಗದೆ ಕ್ಯಾಪು ಮಾಡಿದವನ ವಂಶವನ್ನು ಬೈದ.

“ಮೆಲ್ಲಕ ಬೈಯೋ, ಸಾಹೇಬ್ರು ಕೇಳಸ್ಕೋತಾರ,” ಎಂದಳು ಅಯ್ಯಮ್ಮ.

ಉಬ್ಬಿದವೆಲ್ಲ ಹೊರಗೆ ಬಿದ್ದವು. ಹೊಸವು ಕಾಲು ತೂರಿಸಿಕೊಂಡು ನಿಂತವು. ಬೆಸುಗೆ ಎಲ್ಲೆಂದರಲ್ಲಿ ಗುಪ್ಪೆ ಗುಪ್ಪೆಯಾಗಿ, ಕಾಗೆ ಕಕ್ಕ ಮಾಡಿದ ಹಾಗೆ ಕೂತಿತ್ತು. ಅಂಗಡಿಯಲ್ಲಿ ಬೇರೆ ಯಾರಾದರೂ ಅಂಥ ಕೆಲಸ ಮಾಡಿದ್ದರೆ ಅವನೇ ಬೋರ್ಡನ್ನು ಅವರ ಮುಖಕ್ಕೆ ಎಸೆಯುತ್ತಿದ್ದ.

ಅಷ್ಟರಲ್ಲಿ ಒಳಗಿನಿಂದ ಕಿಟ್ಟು ಸಾರ್ ಕೂಗು. “ಏನಯ್ಯಾ! ರಾಹುಕಾಲ ಬಾಗಿಲಲ್ಲಿ ನಿಂತಿದೆ!”

ಬೋರ್ಡನ್ನು ಮಾನಿಟರಿನೊಳಗೆ ಇಟ್ಟು ವಯರು ಸಿಕ್ಕಿಸಿದ. ಬೆನ್ನು ಮುಚ್ಚಲು ಸ್ಕ್ರೂ ತಿರುಪಬೇಕು, ತಿರುಪಲು ಸ್ಕ್ರೂಡ್ರೈವರು ಬೇಕು. ಬೇಡ, ಆ ಮಾತೇ ಬೇಡ ಎಂದು ಬೆನ್ನು ತೆರೆದೇ ಇದ್ದ ಮಾನಿಟರನ್ನು ಎದೆಗವಚಿಕೊಂಡು ನಡುಮನೆಗೆ ನುಗ್ಗಿದ.

ಕಿಟ್ಟು ಸಾರ್ ಕನ್ನಡಕ ಏರಿಸಿ ಹಿಂದೆ ಮುಂದೆ ನೋಡಿದರು. “ಇದೇನಯ್ಯಾ ಬೆನ್ನಿಗೆ ಏನೂ ಇಲ್ಲ? ಬೆತ್ತಲೆ ಪೂಜೆ ಮಾಡಿಸ್ತೀಯಾ ನನ್ನ ಕೈಲಿ? ರಿಜೆಕ್ಟು.”

“ಸಾರ್, ನಿಮ್ಮ ದಮ್ಮಯ್ಯ…”

“ಅಯ್ಯೋ, ಅದಕ್ಯಾಕೆ ಅಷ್ಟು ರಂಪ?” ಎಂದು ಸೀತಾಲಕ್ಷ್ಮಿ ಎದ್ದರು. ಬೀರುವಿನಿಂದ ಒಂದು ಹೊಸ ರವಿಕೆ ಕಣ ತಂದು, ಮಾನಿಟರಿನ ಹೆಗಲ ಮೇಲಿಂದ ಹಿಂದಕ್ಕೆ ಇಳಿಬಿಟ್ಟು, ಅಂಚು ಸರಿ ಮಾಡಿದರು. “ತಗೊಳ್ಳಿ, ಉಡಿಸಿದ್ದೀನಿ. ಎಷ್ಟು ಲಕ್ಷಣವಾಗಿದೆ ನೋಡಿ. ನಮ್ಮ ನಾದಿನಿಗೆ ಅಂತ ಇಟ್ಟಿದ್ದ ಕಣ, ಇದಕ್ಕೇ ಚೆನ್ನಾಗಿ ಒಪ್ಪುತ್ತೆ.”

“ಏನೇ, ನನ್ನ ತಂಗೀನ ಮಾನಿಟರಿಗೆ ಹೋಲಿಸ್ತೀಯಾ?”

“ಛೆ, ಛೆ. ಇದು ಇನ್ನೇನು ರಿಪೇರಿ ಆಗುತ್ತಲ್ಲಾ.”

ಲಕ್ಷ್ಮಿಕಾಂತ ಪ್ಲಗ್ಗು ಸಿಕ್ಕಿಸಿದ. ಅಯ್ಯಮ್ಮ ಹೊಸಿಲಿನ ಆಚೆಯೇ ನಿಂತು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಅವನು ಗುಂಡಿ ಒತ್ತಿದ. ಹಸಿರು ದೀಪ ಹತ್ತಿತು. ಮಿಟುಕಲಿಲ್ಲ. ಪರದೆ ಬೆಳಗಿತು. ಒಂದು ಕ್ಷಣ ಕಳೆಯಿತು, ಬೆಳಗುತ್ತಲೇ ಇತ್ತು. ನೀಲಿ ಪರದೆಯ ಮೇಲೆ ‘ನೋ ಸಿಗ್ನಲ್’ ಎಂಬ ಸಣ್ಣ ಚೌಕ ಎಡದಿಂದ ಬಲಕ್ಕೆ ತೇಲತೊಡಗಿತು. ಅಯ್ಯಮ್ಮನ ಬಾಯಿಂದ ಸೆರಗು ಜಾರಿತು.

“ಏನಂತಿದೆ ಅದು?” ಎಂದರು ಕಿಟ್ಟು ಸಾರ್.

“ಸಿಗ್ನಲ್ ಇಲ್ಲ ಅಂತಿದೆ ಸಾರ್. ಸಿಪಿಯು ಆನ್ ಮಾಡಿದ್ರೆ ಬರುತ್ತೆ.”

“ಸಿಪಿಯು ಕೂತಾಯ್ತಲ್ಲಯ್ಯಾ. ಕೂತಿರೋದನ್ನ ಎಬ್ಬಿಸೋದುಂಟೆ?”

“ಹಾಗಾದ್ರೆ ಹೀಗೇ ಮಾಡಿ ಸಾರ್. ಉಸಿರು ಇದೆಯಲ್ಲಾ!”

ಕಿಟ್ಟು ಸಾರ್ ಒಪ್ಪಿದರು. ಕುಂಕುಮವನ್ನು ಪರದೆಯ ನಡುವೆ ಇಟ್ಟರು. ಆದರೆ ಆ ಚೌಕ ಒಂದು ಕಡೆ ನಿಲ್ಲುತ್ತಿರಲಿಲ್ಲ. ದೇವರ ಮುಖಕ್ಕೆ ಆರತಿ ಮಾಡಬೇಕು, ಮಾನಿಟರಿಗೆ ಮುಖ ಅಂದರೆ ಆ ಬರಹವೇ ಎಂದು ಅವರು ತೀರ್ಮಾನಿಸಿದ ಹಾಗಿತ್ತು. ಚೌಕ ಬಲಕ್ಕೆ ಹೋದರೆ ಆರತಿ ತಟ್ಟೆ ಬಲಕ್ಕೆ, ಮೂಲೆಗೆ ಹೋದರೆ ಮೂಲೆಗೆ. ಸೀತಾಲಕ್ಷ್ಮಿ ಮಂಗಳಾರತಿ ಹಾಡು ತೆಗೆದರು. ಕಿಟ್ಟು ಸಾರ್ ಪಂಚೆ ಎತ್ತಿ ಹಿಡಿದು, ನೊಣ ಹೊಡೆಯುವವರ ಹಾಗೆ ಕಣ್ಣು ಕಿರಿದು ಮಾಡಿ, ಚೌಕದ ಹಿಂದೆ ಹಿಂದೆ ಕರ್ಪೂರ ಬೆಳಗಿದರು.

ಹಾಡಿನ ಎರಡನೇ ಸಾಲಿಗೆ ಬರುವಷ್ಟರಲ್ಲಿ ಪರದೆ ಕಪ್ಪಾಯಿತು.

ಹಾಡು ನಿಂತಿತು. ತಟ್ಟೆ ನಿಂತಿತು. ಅಯ್ಯಮ್ಮನ ಸೆರಗು ಮತ್ತೆ ಬಾಯಿಗೆ ಹೋಯಿತು.

“ಹೋಯ್ತು,” ಎಂದರು ಕಿಟ್ಟು ಸಾರ್. “ಆರತಿ ಮಧ್ಯದಲ್ಲೇ ಪ್ರಾಣ ಬಿಡ್ತು. ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ. ಲಕ್ಷ್ಮಿಕಾಂತ, ನಾಳೆ…”

“ಸತ್ತಿಲ್ಲ ಸಾರ್! ನಿದ್ದೆ!” ಎಂದು ಅವನು ಚೀರಿದ. “ಸಿಗ್ನಲ್ ಇಲ್ಲಾಂದ್ರೆ ಅದು ಮಲ್ಕೊಳ್ಳುತ್ತೆ! ದೀಪ ನೋಡಿ, ಹತ್ತಿದೆ!”

“ಪೂಜೆಯಲ್ಲಿ ನಿದ್ದೆ ಮಾಡೋದಾ?”

“ನೀವು ಮಾಡಲ್ವೇ?” ಎಂದರು ಸೀತಾಲಕ್ಷ್ಮಿ. “ಸತ್ಯನಾರಾಯಣ ಕಥೇಲಿ ಪ್ರತಿ ವರ್ಷ ಗೊರಕೆ.”

ಲಕ್ಷ್ಮಿಕಾಂತ ಮಂಡಿಯೂರಿ ಮಾನಿಟರಿನ ಪಕ್ಕಕ್ಕೆ ನುಗ್ಗಿ ಗುಂಡಿ ಒತ್ತಿ ಆರಿಸಿ, ಮತ್ತೆ ಒತ್ತಿ ಹಚ್ಚಿದ. ಚೌಕ ಎದ್ದು ಮತ್ತೆ ತೇಲಿತು. “ಹಾಡಿ ಅಮ್ಮಾ, ಹಾಡಿ!” ಅವರು ಹಾಡಿದರು. ಪರದೆ ಮಲಗಿತು. ಅವನು ಎಬ್ಬಿಸಿದ. ಹಾಡು ಉದ್ದದ್ದು, ಒಂದೊಂದು ದೇವರಿಗೂ ಒಂದೊಂದು ನುಡಿ. ಲಕ್ಷ್ಮಿದೇವಿಗೆ ಒಂದು ಸಲ ಎಬ್ಬಿಸಿದ, ಸರಸ್ವತಿಗೆ ಒಂದು ಸಲ, ಗಣಪತಿಯ ಹೊಟ್ಟೆಯ ವರ್ಣನೆ ಮುಗಿಯುವಷ್ಟರಲ್ಲಿ ಎರಡು ಸಲ. ಸುಟ್ಟ ಬೆರಳು ಗುಂಡಿಯ ಮೇಲೆಯೇ ಇತ್ತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕಿಟ್ಟು ಸಾರ್ ಆರತಿ ಬೆಳಗಿದರು, ಹೂವು ಏರಿಸಿದರು, ಅಕ್ಷತೆ ಎರಚಿದರು, ಮತ್ತು ಆ ಭರದಲ್ಲಿ ಸಾಲಿನ ಯಂತ್ರಗಳಿಗೆಲ್ಲ ಇಡುತ್ತ ಬಂದ ಕುಂಕುಮವನ್ನು ಮಾನಿಟರಿನ ಗುಂಡಿಯ ಮೇಲಿದ್ದ ಲಕ್ಷ್ಮಿಕಾಂತನ ಕೈಗೂ ಇಟ್ಟರು. ಇಟ್ಟು, ಅದಕ್ಕೊಂದು ಹೂವು ಸಿಕ್ಕಿಸಿ, ಅದಕ್ಕೂ ಆರತಿ ಎತ್ತಿದರು.

ಹಾಡು ಮುಗಿಯಿತು. ಎಲ್ಲರೂ ಅಡ್ಡಬಿದ್ದರು. ರಾಹುಕಾಲ ಶುರುವಾಗಿರಲಿಲ್ಲ.

“ಪಾಸು,” ಎಂದರು ಕಿಟ್ಟು ಸಾರ್.

ಅಯ್ಯಮ್ಮ ಆಚೆಯಿಂದಲೇ ಹೊಸಿಲಿಗೆ ಹಣೆ ಹಚ್ಚಿದಳು. ಲಕ್ಷ್ಮಿಕಾಂತ ಉಸಿರು ಬಿಟ್ಟು ಕೈ ತೆಗೆಯಲು ಹೋದ.

“ಆಹಾಹಾ! ಕೈ! ಕೈ!” ಕಿಟ್ಟು ಸಾರ್ ಹಾರಿ ಬಂದರು.

“ಏನ್ ಸಾರ್?”

“ಅಲ್ಲಾಡಿಸಬೇಡ! ಕೂತಿದೆ ಅದು!”

“ಯಾವುದು ಕೂತಿರೋದು?”

“ನಿನ್ನ ಕೈ ಕಣಯ್ಯಾ! ಕುಂಕುಮ ಇಟ್ಟಾಯ್ತು, ಆರತಿ ಆಯ್ತು. ಪೂಜೆಗೆ ಕೂತಿರೋ ಆಯುಧ ನಾಳೆ ಬೆಳಿಗ್ಗೆವರೆಗೂ ಕದಲೋ ಹಾಗಿಲ್ಲ.”

“ಸಾರ್, ಇದು ನನ್ನ ಕೈ ಸಾರ್! ನನ್ನದು!”

“ಸ್ಕೂಟರ್ ಕೀ ನಂದು. ನಾನು ತೆಗೆದ್ನಾ? ತರಕಾರಿ ತರೋಕೆ ನಡ್ಕೊಂಡ್ ಹೋಗಿದ್ದೆ.”

ಸೀತಾಲಕ್ಷ್ಮಿಯೂ ಈ ವಿಷಯದಲ್ಲಿ ಗಂಡನ ಕಡೆ ನಿಂತರು. ಅವನ ಬೆನ್ನಿಗೆ ಒಂದು ದಿಂಬು ತಂದು ಕೊಟ್ಟರು, ಕೂರಲು ಮಣೆಯೊಂದನ್ನು ಸರಿಸಿದರು. ಕಿಟ್ಟು ಸಾರ್ ದೂರ ನಿಂತು ಸಾಲನ್ನು ಒಮ್ಮೆ ನೋಡಿದರು. ಹೊಲಿಗೆ ಯಂತ್ರ, ಗ್ರೈಂಡರು, ಮಿಕ್ಸಿ, ಫ್ಯಾನು, ಈಳಿಗೆ, ಕೀ, ಸಿಪಿಯು, ರವಿಕೆ ಕಣ ಹೊದ್ದ ಮಾನಿಟರು, ಲಕ್ಷ್ಮಿಕಾಂತ. “ಇವನು ಜೂನಿಯರ್ ಮೋಸ್ಟು. ಸರಿಯಾಗಿಯೇ ಕೂತಿದ್ದಾನೆ,” ಎಂದರು.

ಅಯ್ಯಮ್ಮನಿಗೆ ಇದೆಲ್ಲ ಅರ್ಥವಾಗಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. ಹೊಸಿಲಿನಿಂದಲೇ ಕೈ ಮುಗಿದು ಕೇಳಿದಳು, “ಸಾಹೇಬ್ರ, ನಮ್ಮ ಖೋಲಿ?”

ಕಿಟ್ಟು ಸಾರ್‌ಗೆ ಆ ಪ್ರಶ್ನೆ ಕೇಳಿ ನಿಜವಾಗಿಯೂ ಬೇಜಾರಾಯಿತು. “ಏನಮ್ಮಾ ಹೀಗಂತೀಯ? ನಿನ್ನ ಮಗನ್ನ ಈಗ ತಾನೇ ಸಾಲಲ್ಲಿ ಕೂರಿಸಿದ್ದೀನಿ. ಆಯುಧದ ಹೆತ್ತ ತಾಯಿನ ಯಾರಾದ್ರೂ ಮನೆಯಿಂದ ಆಚೆ ಹಾಕ್ತಾರಾ? ನಾನೇನು ಮನುಷ್ಯ ಅಲ್ವಾ?”

ಲಕ್ಷ್ಮಿಕಾಂತನ ಮೈಯೆಲ್ಲ ಕುದಿಯುತ್ತಿತ್ತು. ಕೈಗೆ ಪೂಜೆ ಆಗಿತ್ತು, ನಿಜ, ಆದರೆ ಬಾಯಿಗೆ ಯಾರೂ ಕುಂಕುಮ ಇಟ್ಟಿರಲಿಲ್ಲ, ಅದನ್ನು ಬಳಸಲು ಯಾವ ಶಾಸ್ತ್ರದ ಅಡ್ಡಿಯೂ ಇರಲಿಲ್ಲ. ಶಿವಾಜಿನಗರದಲ್ಲಿ ಕಲಿತ ಮೂರು ಭಾಷೆಯ ಬೈಗುಳಗಳನ್ನೂ ಒಟ್ಟಿಗೆ ಕೂಡಿಸಿಕೊಂಡು ಅವನು ಅಗಲವಾಗಿ ಬಾಯಿ ತೆರೆದ. ಅಷ್ಟರಲ್ಲಿ ಅಯ್ಯಮ್ಮ ಮೊದಲ ಸಲ ಆ ಹೊಸಿಲು ದಾಟಿ ಬಂದು, ಸೀತಾಲಕ್ಷ್ಮಿ ಕೊಟ್ಟ ನೈವೇದ್ಯದ ಎಲೆಯಿಂದ ಒಂದಿಡೀ ಹೋಳಿಗೆಯನ್ನು ಮಡಚಿ ಆ ಬಾಯೊಳಗೆ ತುರುಕಿದಳು. ಅವಳ ಕಣ್ಣಲ್ಲಿ ನೀರಿತ್ತು, ಹಲ್ಲಿಲ್ಲದ ಜಾಗ ಕಾಣುತ್ತಿತ್ತು.

“ತಿನ್ನೋ ನಮ್ಮಪ್ಪ,” ಎಂದಳು. “ಸುಮ್ಮಕ ತಿನ್ನು.”

ಪರದೆ ಕಪ್ಪಾಯಿತು. ಎಲ್ಲರೂ ಅವನ ಕಡೆ ನೋಡಿದರು. ಲಕ್ಷ್ಮಿಕಾಂತ ಹೋಳಿಗೆ ಅಗಿಯುತ್ತ, ಸಿಟ್ಟಿನಿಂದ, ಗುಂಡಿ ಒತ್ತಿದ.